ಗೊಂಬೆ ಅಸಲಿ, ಬಂದೂಕು ನಕಲಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ವೈಜ್ಞಾನಿಕ ಕಥಾಲೋಕದ ಹಳೆಯ ಆಕ್ಷನ್ ಫಿಗರ್‌ಗಳ, ಅಂದರೆ ಕೈಕಾಲು ಆಡಿಸಬಹುದಾದ ಪಾತ್ರಗೊಂಬೆಗಳ ಬಗ್ಗೆ. ಹೆಚ್ಚಿನವು 1960ರ ದಶಕದ ಕೊನೆಯಿಂದ 1980ರ ದಶಕದ ನಡುವಿನ ಗೊಂಬೆಗಳವು. ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆಯ ಪೆಟ್ಟಿಗೆಯೊಂದರಲ್ಲಿ ಮೂವತ್ತರಷ್ಟು ಸ್ಟಾರ್ ವಾರ್ಸ್ ಗೊಂಬೆಗಳು ಸಿಕ್ಕಿವೆ. ಹಲವುಗಳ ಕಾಲಿನ ಹಿಂದೆ 1977 ಎಂದು ಅಚ್ಚಾಗಿದೆ. ಇವು ಮೊದಲ ವರ್ಷದವು ಎಂದುಕೊಳ್ಳಬಹುದೇ?

ಉತ್ತರ: ಅದು ಹಕ್ಕುಸ್ವಾಮ್ಯದ ವರ್ಷ. ಗೊಂಬೆ ತಯಾರಾದ ವರ್ಷ ಅದರಿಂದ ಗೊತ್ತಾಗುವುದಿಲ್ಲ. ಸಿನಿಮಾ ಬಂದದ್ದು 1977ರ ಮೇ ತಿಂಗಳಲ್ಲಿ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಕೆನ್ನರ್ ಕಂಪನಿಯ ಬಳಿ ಗೊಂಬೆಗಳೇ ಸಿದ್ಧವಿರಲಿಲ್ಲ. ಅದು ಮಾರಿದ್ದು ಗೊಂಬೆ ತರಿಸಿಕೊಳ್ಳುವ ಚೀಟಿ ಇದ್ದ ರಟ್ಟಿನ ಲಕೋಟೆಯನ್ನು. ಲೂಕ್, ಲೇಯಾ, ಚೂಬಾಕಾ, ಆರ್2-ಡಿ2 ಎಂಬ ಮೊದಲ ನಾಲ್ಕು ಗೊಂಬೆಗಳು ಮನೆಗಳನ್ನು ತಲುಪಿದ್ದು 1978ರಲ್ಲಿ. ಅದೇ ವರ್ಷ ಅವು ಹನ್ನೆರಡಾದವು. ಆಮೇಲೆ ಅದೇ ಅಚ್ಚುಗಳನ್ನು ವರ್ಷಗಟ್ಟಲೆ ಬಳಸಿದರು. ಹಾಗಾಗಿ ಕಾಲಿನ ಮೇಲೆ 1977 ಇರುವ ಗೊಂಬೆ 1983ರ ಕಾರ್ಡಿನಲ್ಲೂ (ಗೊಂಬೆಯನ್ನು ಅಂಟಿಸಿ ಮಾರುವ ರಟ್ಟು) ಮಾರಾಟವಾಗಿದೆ.

ವರ್ಷದ ಜೊತೆಗೆ ಇನ್ನೆರಡು ಗುರುತು ನೋಡಿ. ಮೊದಲ ಗೊಂಬೆಗಳ ಮೇಲೆ ಜಿ.ಎಂ.ಎಫ್.ಜಿ.ಐ. ಎಂಬ ಅಕ್ಷರಗಳಿರುತ್ತವೆ. ಇದು ಕೆನ್ನರ್‌ನ ಒಡೆತನ ಹೊಂದಿದ್ದ ಜನರಲ್ ಮಿಲ್ಸ್‌ನ ಆಟಿಕೆ ವಿಭಾಗದ ಹೆಸರು. ನಂತರದವುಗಳ ಮೇಲೆ ಲ್ಯೂಕಾಸ್‌ಫಿಲ್ಮ್‌ನ ಎಲ್.ಎಫ್.ಎಲ್. ಇರುತ್ತದೆ. ಎರಡನೆಯ ಗುರುತು ದೇಶದ ಹೆಸರು: ಹಾಂಗ್‌ಕಾಂಗ್, ತೈವಾನ್, ಚೀನಾ, ಮಕಾವ್ ಇತ್ಯಾದಿ. ಕೆಲವುಗಳಲ್ಲಿ ದೇಶದ ಹೆಸರೇ ಇಲ್ಲ, ಅಷ್ಟರಿಂದಲೇ ನಕಲಿ ಎಂದು ತೀರ್ಮಾನಿಸಬೇಡಿ. ಒಂದೇ ಪಾತ್ರ ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದಾಗ ಕೂದಲಿನ ಬಣ್ಣ, ಮುಖದ ಬಣ್ಣ, ಪ್ಲಾಸ್ಟಿಕ್ಕಿನ ಛಾಯೆ ಬದಲಾಗಿವೆ. ಆ ವ್ಯತ್ಯಾಸಗಳನ್ನೇ ಬೆನ್ನುಹತ್ತಿ ಸಂಗ್ರಹಿಸುವವರೂ ಇದ್ದಾರೆ.

ಮೀಗೋ ಕಂಪನಿಯ ಎಂಟು ಇಂಚಿನ ಗೊಂಬೆಗಳಲ್ಲಿ ಇದೇ ತೊಡಕು ಇನ್ನೂ ಹೆಚ್ಚು. ಬೆನ್ನಿನ ಮೇಲೆ ರೋಮನ್ ಅಂಕಿಯಲ್ಲಿ 1971 ಎಂದಿರುತ್ತದೆ, ಆದರೆ ಸ್ಟಾರ್ ಟ್ರೆಕ್ ಗೊಂಬೆಗಳು ಬಂದದ್ದು 1974ರಲ್ಲಿ. ಒಂದೇ ಮೈಯನ್ನು ಹತ್ತಾರು ಪಾತ್ರಗಳಿಗೆ ಬಳಸಿದ್ದರಿಂದ ಹೀಗಾಗಿದೆ. ಅಲ್ಲಿ ಯಾವ ಪಾತ್ರ ಎಂಬುದನ್ನು ತಲೆ ಮತ್ತು ಉಡುಪು ನೋಡಿ ಹೇಳಬೇಕು.

ಈಗ ಮಾಡಬೇಕಾದ ಕೆಲಸ: ಏನನ್ನೂ ತೊಳೆಯದೆ ಪ್ರತಿ ಗೊಂಬೆಯ ಮುಂದೆ, ಹಿಂದೆ, ಕಾಲಿನ ಅಚ್ಚು ಹೀಗೆ ಮೂರು ಫೋಟೋ ತೆಗೆಯಿರಿ. ಪೆಟ್ಟಿಗೆಯ ತಳದಲ್ಲಿರುವ ಕಸವನ್ನು ಚೆಲ್ಲಬೇಡಿ, ಬಿಳಿ ಹಾಳೆಯ ಮೇಲೆ ಹರಡಿ ನೋಡಿ. ಪುಟ್ಟ ಕಪ್ಪು ಬಂದೂಕುಗಳು ಅಡಗಿರುವುದು ಅಲ್ಲೇ, ಮತ್ತು ಹಲವು ಪಾತ್ರಗಳಲ್ಲಿ ಗೊಂಬೆಗಿಂತ ಬಂದೂಕು ಸಿಗುವುದೇ ಕಷ್ಟ.

ಪ್ರಶ್ನೆ: ಕೈಯಲ್ಲಿರುವ ಆಯುಧ ಅಸಲಿಯೋ ಈಚೆಗೆ ಮಾಡಿದ ಪ್ರತಿಯೋ ಎಂದು ಕಂಡುಹಿಡಿಯುವುದು ಹೇಗೆ? ನೀರಿನಲ್ಲಿ ತೇಲಿದರೆ ಅಸಲಿ ಎನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ನಿಜ. ಕೆನ್ನರ್‌ನ ಹೆಚ್ಚಿನ ಸಣ್ಣ ಬಂದೂಕುಗಳ ಪ್ಲಾಸ್ಟಿಕ್ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತವೆ. ಪ್ರತಿಗಳನ್ನು ಬಹುಪಾಲು ರೆಸಿನ್ (ದ್ರವವಾಗಿ ಹೊಯ್ದು ಗಟ್ಟಿಯಾಗಿಸುವ ಪ್ಲಾಸ್ಟಿಕ್), ಎಬಿಎಸ್ (ಗಟ್ಟಿ ಪ್ಲಾಸ್ಟಿಕ್) ಅಥವಾ ಪಿವಿಸಿಯಲ್ಲಿ (ವಿನೈಲ್ ಪ್ಲಾಸ್ಟಿಕ್) ಮಾಡುತ್ತಾರೆ. ಅವು ನೀರಿಗಿಂತ ಭಾರ, ಮುಳುಗುತ್ತವೆ. ಪರೀಕ್ಷಿಸುವಾಗ ಜನ ಎಡವುವುದು ಒಂದೇ ಕಡೆ: ಸಣ್ಣ ವಸ್ತುವನ್ನು ಮೆಲ್ಲಗೆ ನೀರಿನ ಮೇಲಿಟ್ಟರೆ ಮೇಲ್ಮೈ ಸೆಳೆತ ಮತ್ತು ಅಂಟಿಕೊಂಡ ಗಾಳಿಗುಳ್ಳೆಯಿಂದ ಭಾರದ್ದೂ ತೇಲಿಬಿಡುತ್ತದೆ. ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಆಯುಧವನ್ನು ತಳದವರೆಗೆ ಒತ್ತಿ, ಗುಳ್ಳೆ ಬಿಡಿಸಿ, ಕೈ ಬಿಡಿ. ತಾನಾಗಿ ಮೇಲೆ ಬಂದರೆ ತೇಲಿತು ಎನ್ನಿ.

ಆದರೂ ಇದು ಜರಡಿ ಹಿಡಿಯುವ ಕೆಲಸ ಮಾತ್ರ. ಹಗುರ ಪ್ಲಾಸ್ಟಿಕ್ಕಿನಲ್ಲೂ ಪ್ರತಿ ಮಾಡುವವರು ಬಂದಿದ್ದಾರೆ. ಗಟ್ಟಿ ಪ್ಲಾಸ್ಟಿಕ್ಕಿನ ಕೆಲವು ಅಸಲಿ ಬಿಡಿಭಾಗಗಳು ಮುಳುಗುತ್ತವೆ. ಹಾಗಾಗಿ ತೇಲಿದ್ದೆಲ್ಲ ಅಸಲಿಯಲ್ಲ, ಮುಳುಗಿದ್ದೆಲ್ಲ ನಕಲಿಯೂ ಅಲ್ಲ. ಅನುಮಾನ ಉಳಿದರೆ ಮುಂದಿನ ಪರೀಕ್ಷೆ ಕಣ್ಣಿನದು.

ಪ್ರತಿ ಮಾಡುವವರು ಅಸಲಿ ಬಂದೂಕಿನಿಂದಲೇ ಸಿಲಿಕೋನ್ ಅಚ್ಚು ತೆಗೆಯುವುದು ಸಾಮಾನ್ಯ. ಹೊಯ್ದ ವಸ್ತು ಆರುವಾಗ ಕೊಂಚ ಕುಗ್ಗುತ್ತದೆ, ಆದ್ದರಿಂದ ಪ್ರತಿ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದು. ಅಸಲಿ ಎಂದು ಖಚಿತವಿರುವ ಒಂದನ್ನು ಪಕ್ಕದಲ್ಲಿಟ್ಟು ವರ್ನಿಯರ್ ಕ್ಯಾಲಿಪರ್‌ನಲ್ಲಿ ಉದ್ದ ಅಳೆಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅಂಚುಗಳನ್ನು ನೋಡಿ. ಉಕ್ಕಿನ ಅಚ್ಚಿನಿಂದ ಬಂದದ್ದರಲ್ಲಿ ಗೆರೆಗಳು ಚೂಪಾಗಿರುತ್ತವೆ, ಪ್ರತಿಯಲ್ಲಿ ಸವೆದಂತೆ ಮೊಂಡಾಗಿರುತ್ತವೆ. ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅದು ರೆಸಿನ್ ಹೊಯ್ಯುವಾಗ ಸಿಕ್ಕಿಬಿದ್ದ ಗಾಳಿ. ಬಣ್ಣ ತೀರಾ ಕಡುಗಪ್ಪಾಗಿ, ಮಿರುಗುತ್ತಿದ್ದರೂ ಅನುಮಾನಿಸಿ. ಕಪ್ಪು ಎಂದುಕೊಳ್ಳುವ ಎಷ್ಟೋ ಅಸಲಿ ಆಯುಧಗಳು ಬೆಳಕಿಗೆ ಹಿಡಿದರೆ ಕಡು ನೀಲಿ ಅಥವಾ ಬೂದು. ಬಾಗಿಸಿ ನೋಡುವ ಪರೀಕ್ಷೆ ಮಾತ್ರ ಬೇಡ. ರೆಸಿನ್ ಆದರೆ ಮುರಿಯುತ್ತದೆ, ಅಸಲಿಯಾದರೆ ಬಿಳಿ ಗೆರೆ ಬೀಳುತ್ತದೆ. ಎರಡೂ ನಷ್ಟವೇ.

ಬೆಲೆ ಕಟ್ಟುವಾಗ ನಮ್ಮ ನಿಯಮ ಸರಳ: ನಕಲಿ ಆಯುಧದ ಬೆಲೆ ಸೊನ್ನೆ. ಅದು ಕೈಯಲ್ಲಿದ್ದ ಮಾತ್ರಕ್ಕೆ ಗೊಂಬೆ ಪೂರ್ಣವಾಗುವುದಿಲ್ಲ.

ಪ್ರಶ್ನೆ: ವಿನೈಲ್ ಮೇಲಂಗಿಯ ಜಾವಾ (ಸ್ಟಾರ್ ವಾರ್ಸ್‌ನ ಪುಟ್ಟ ಪಾತ್ರ) ತುಂಬ ಅಪರೂಪ ಎಂದು ಓದಿದೆ. ಒಬ್ಬರು ಬಿಡಿ ಗೊಂಬೆಯನ್ನು ಕೊಡಲು ಮುಂದೆ ಬಂದಿದ್ದಾರೆ. ಕೊಳ್ಳಲೇ?

ಉತ್ತರ: ಪ್ಯಾಕಿನಿಂದ ಹೊರಗಿರುವುದನ್ನು ಫೋಟೋ ನೋಡಿ ಕೊಳ್ಳಬೇಡಿ. 1978ರಲ್ಲಿ ಜಾವಾ ಮೊದಲು ವಿನೈಲ್ ಮೇಲಂಗಿಯಲ್ಲಿ ಬಂತು, ಬೇಗನೆ ಅದನ್ನು ಬಟ್ಟೆಯ ಮೇಲಂಗಿಗೆ ಬದಲಾಯಿಸಿದರು. ಗೊಂಬೆ ಎರಡರಲ್ಲೂ ಒಂದೇ. ಅಂದರೆ ಬೆಲೆಯೆಲ್ಲ ಇರುವುದು ಆ ಪುಟ್ಟ ವಿನೈಲ್ ತುಂಡಿನಲ್ಲಿ. ಬೆನ್ ಕೆನೋಬಿಯ ಉದ್ದನೆಯ ಮೇಲಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸುವುದು ಹಳೆಯ ಕೈಚಳಕ. ಹೊಸ ಹಾಳೆಯಿಂದ ಕತ್ತರಿಸಿದವೂ ಇವೆ. ಕೆಳ ಅಂಚು ಮತ್ತು ತೋಳಿನ ರಂಧ್ರಗಳನ್ನು ಮಸೂರದಲ್ಲಿ ನೋಡಿ: ಕಾರ್ಖಾನೆಯ ಡೈಯಿಂದ ಕತ್ತರಿಸಿದ ಅಂಚು ಒಂದೇ ಸಮನಾಗಿರುತ್ತದೆ, ಕತ್ತರಿಯದು ಅಲ್ಲಲ್ಲಿ ಕೋನ ಬಿಟ್ಟು ಹೋಗುತ್ತದೆ. ಅಸಲಿ ಮೇಲಂಗಿಗಳನ್ನು ಕೈಯಲ್ಲಿ ಹಿಡಿದು ಬಲ್ಲ ಇಬ್ಬರ ಅಭಿಪ್ರಾಯ ಪಡೆಯದೆ ಹಣ ಕೊಡಬೇಡಿ.

ಇದೇ ಜಾತಿಯ ಇನ್ನಷ್ಟು ಕೇಳಿದ್ದೀರಿ. ಮೊದಮೊದಲ ಲೂಕ್, ವೇಡರ್, ಬೆನ್ ಗೊಂಬೆಗಳಲ್ಲಿ ಕೈಯಿಂದ ಹೊರಬರುವ ಬೆಳಕಿನ ಕತ್ತಿಯೊಳಗಿಂದ ಇನ್ನೊಂದು ತೆಳುವಾದ ತುದಿ ಹೊರಬರುತ್ತಿತ್ತು. ಮೂರರಲ್ಲಿ ಲೂಕ್ ಆಗಾಗ ಸಿಗುತ್ತಾನೆ, ಉಳಿದಿಬ್ಬರು ಬಲು ಅಪರೂಪ. ಸಾಧಾರಣ ಕತ್ತಿಯ ತುದಿಗೆ ತೆಳು ಕಡ್ಡಿ ಅಂಟಿಸಿ ಮೋಸ ಮಾಡುವುದುಂಟು. ಅಸಲಿಯಲ್ಲಿ ಹೊರಗಿನ ಭಾಗ ಟೊಳ್ಳಾಗಿದ್ದು, ಒಳ ತುದಿ ಪೂರ್ತಿ ಒಳಗೆ ಸರಿಯಬೇಕು. ನೀಲಿ ಉಡುಪಿನ ಎತ್ತರದ ಸ್ನ್ಯಾಗಲ್‌ಟೂತ್ ಬಂದದ್ದು ಸಿಯರ್ಸ್ ಮಳಿಗೆಯ 1978ರ ಕ್ಯಾಂಟಿನಾ ಸೆಟ್‌ನಲ್ಲಿ ಮಾತ್ರ. ನಂತರ ಕಾರ್ಡಿನಲ್ಲಿ ಬಂದವನು ಗಿಡ್ಡ, ಕೆಂಪು ಉಡುಪಿನವನು. ಇಲ್ಲಿ ಗೊಂಬೆಯ ಅಚ್ಚೇ ಬೇರೆ ಇರುವುದರಿಂದ ಬಣ್ಣ ಬಳಿದು ಮೋಸ ಮಾಡುವುದು ಕಷ್ಟ.

ಇನ್ನು ಕ್ಷಿಪಣಿ ಹಾರಿಸುವ ಬೋಬಾ ಫೆಟ್. ಕಾರ್ಡಿನಿಂದ ಕತ್ತರಿಸಿದ ನಾಲ್ಕು ಖರೀದಿ ಗುರುತು ಕಳಿಸಿದವರಿಗೆ ಅಂಚೆಯಲ್ಲಿ ಬರುತ್ತದೆ ಎಂದು ಕೆನ್ನರ್ 1979ರಲ್ಲಿ ಜಾಹೀರಾತು ಮಾಡಿತ್ತು. ಅಷ್ಟರಲ್ಲಿ ಬೇರೊಂದು ಸರಣಿಯ, ಮ್ಯಾಟೆಲ್‌ನ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ನೌಕೆಯ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ತೀರಿಕೊಂಡಿತು. ಕೆನ್ನರ್ ಹಿಂದೆ ಸರಿದು, ಕ್ಷಿಪಣಿಯನ್ನು ಕದಲದಂತೆ ಕೂರಿಸಿದ ಗೊಂಬೆ ಕಳಿಸಿತು. ಕ್ಷಿಪಣಿ ಹಾರಿಸುವವು ಮಾರಾಟಕ್ಕೆ ಬರಲೇ ಇಲ್ಲ, ಇರುವುದು ಮಾದರಿಗಳು ಮಾತ್ರ. ಅಂಥದ್ದೊಂದು 2024ರಲ್ಲಿ ಹೆರಿಟೇಜ್ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಬಾಲ್ಯದ ಪೆಟ್ಟಿಗೆಯಲ್ಲಿ ಸಿಕ್ಕಿದ ಬೋಬಾ ಫೆಟ್ ಕ್ಷಿಪಣಿ ಹಾರಿಸುತ್ತಿದ್ದರೆ, ಯಾರೋ ಬೆನ್ನು ಕೊರೆದಿದ್ದಾರೆ ಎಂದೇ ತಿಳಿಯಿರಿ.

ಪ್ರಶ್ನೆ: ಸ್ಟಾರ್ ವಾರ್ಸ್‌ನ ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್ ಹಳದಿಯಾಗಿದ್ದಾನೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಬೆಳ್ಳಗೆ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಬಾಳಿಕೆ ಕಡಿಮೆ. ಎಬಿಎಸ್‌ನಲ್ಲಿರುವ ರಬ್ಬರಿನಂಥ ಬ್ಯೂಟಡೀನ್ ಅಂಶ ಬೆಳಕು ಮತ್ತು ಆಮ್ಲಜನಕಕ್ಕೆ ಸಿಕ್ಕಿ ಹಳದಿಯಾಗುತ್ತದೆ. ಪಿವಿಸಿಯಲ್ಲಿ ನಡೆಯುವುದು ಬೇರೆ, ಅದು ನಿಧಾನವಾಗಿ ಹೈಡ್ರೋಜನ್ ಕ್ಲೋರೈಡ್ ಕಳೆದುಕೊಂಡು ಬಣ್ಣಗೆಡುತ್ತದೆ. ಗಟ್ಟಿ ಮುಂಡ ಮತ್ತು ಮೆತು ಕೈಕಾಲುಗಳ ಪ್ಲಾಸ್ಟಿಕ್ ಬೇರೆ ಬೇರೆಯಾದ್ದರಿಂದಲೇ ಒಂದೇ ಗೊಂಬೆಯಲ್ಲಿ ಎರಡು ಮೂರು ಛಾಯೆ ಕಾಣುತ್ತದೆ. ಪೆರಾಕ್ಸೈಡ್ ಹಚ್ಚಿದಾಗ ಬಿಳುಪೂ ಹಾಗೆಯೇ ಏರುಪೇರಾಗಿ ಬರುತ್ತದೆ.

ಮಾಡಲೇಬೇಕೆಂದರೆ ಬೆಲೆಯಿಲ್ಲದ ಗೊಂಬೆಯೊಂದರಲ್ಲಿ ಮೊದಲು ಪ್ರಯತ್ನಿಸಿ. ಕೂದಲು ಬಣ್ಣಕ್ಕೆ ಬಳಸುವ 12 ಶೇಕಡಾ ಪೆರಾಕ್ಸೈಡ್ ಕ್ರೀಮ್, ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ತೊಳೆದು ಒಣಗಿಸಿದ ಗೊಂಬೆಗೆ ಸಮನಾಗಿ ಹಚ್ಚಿ, ಪಾರದರ್ಶಕ ಹಾಳೆ ಸುತ್ತಿ, ನೇರಳಾತೀತ ದೀಪದಡಿ ಅಥವಾ ಬಿಸಿಲಿನಲ್ಲಿಡಿ. ಗಂಟೆಗೊಮ್ಮೆ ತಿರುಗಿಸಿ, ಕ್ರೀಮ್ ಒಣಗಲು ಬಿಡಬೇಡಿ. ಒಣಗಿದ ಕಡೆ ಬಿಳಿ ಪಟ್ಟೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ನಾಲ್ಕೈದು ಗಂಟೆಯಲ್ಲಿ ಸಾಕಷ್ಟು ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಕಣ್ಣಿನ ಕಪ್ಪು ಬಣ್ಣ ಮಾಸುವ ಅಪಾಯ ಬೇರೆ ಇದೆ. ಇಷ್ಟೆಲ್ಲ ಮಾಡಿದ ಮೇಲೂ ಕೆಲ ಕಾಲದಲ್ಲಿ ಹಳದಿ ಮರಳುವುದು ಸಾಮಾನ್ಯ. ಮಾರುವಾಗ ಬಿಳುಪು ಮಾಡಿಸಿದ್ದನ್ನು ಹೇಳಲೇಬೇಕು, ಹೇಳಿದರೆ ಬೆಲೆ ಇಳಿಯುತ್ತದೆ. ತಿಳಿ ಹಳದಿಯ, ಯಾರೂ ಕೈಹಾಕದ ಗೊಂಬೆಯನ್ನೇ ನಾವಾದರೆ ಆರಿಸಿಕೊಳ್ಳುತ್ತೇವೆ.

ಪ್ರಶ್ನೆ: ಕೆಲವು ಗೊಂಬೆಗಳ ಕೈಕಾಲು ಜಿಗುಟಾಗಿವೆ. ಎಲ್ಲವನ್ನೂ ಸೋಪಿನ ನೀರಿನಲ್ಲಿ ನೆನೆಸಬಹುದೇ?

ಉತ್ತರ: ಎಲ್ಲವನ್ನೂ ಖಂಡಿತ ಬೇಡ. ಜಿಗುಟು ಎಂದರೆ ಪಿವಿಸಿಯನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಒಸರುತ್ತಿದೆ ಎಂದರ್ಥ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಣ್ಣ ಇರುವಲ್ಲಿ ಬರೀ ಬೆರಳು. ಅಸಿಟೋನ್ ಮತ್ತು ಸ್ಪಿರಿಟ್ ಹತ್ತಿರವೂ ಸುಳಿಯಬಾರದು. ಕಲೆ ತೆಗೆಯುವ ಬಿಳಿ ಮೆಲಮೈನ್ ಸ್ಪಂಜು ನಯವಾದ ಮರಳು ಕಾಗದವೇ ಸರಿ, ಬಣ್ಣವನ್ನೂ ಅಚ್ಚಿನ ಗೆರೆಯನ್ನೂ ತಿನ್ನುತ್ತದೆ.

ನೀರಿಗೆ ಹಾಕಬಾರದವು: ಆರ್2-ಡಿ2, ಏಕೆಂದರೆ ಮೈ ಸುತ್ತ ಇರುವುದು ಸ್ಟಿಕ್ಕರ್. ಲೋಹದ ರಿವೆಟ್ ಇರುವ ಹಳೆಯ ಮೀಗೋ ಮೈಗಳು, ತುಕ್ಕಿನ ಕಲೆ ಮೊಣಕಾಲಿನಿಂದ ಇಳಿಯುತ್ತದೆ. ಒಳಗೆ ತಂತಿ ಇರುವ ಯಾವುದೇ ಗೊಂಬೆ. ಸಿ-3ಪಿಓನ ಚಿನ್ನದ ಹೊಳಪು ಕೂದಲಿಗಿಂತ ತೆಳುವಾದ ಲೋಹದ ಲೇಪ. ಬ್ರಷ್ ತಾಗಿಸಿದರೆ ಏಳುತ್ತದೆ, ಒದ್ದೆ ಹತ್ತಿಯಿಂದ ಒತ್ತಿ ತೆಗೆದರೆ ಸಾಕು. ಅಂದ ಹಾಗೆ, ಆರ್2-ಡಿ2 ತಲೆ ತಿರುಗಿಸಿದಾಗ ಟಿಕ್ ಟಿಕ್ ಎನ್ನಬೇಕು. ಆ ಸದ್ದು ಇದ್ದರೆ ಬೆಲೆ ಹೆಚ್ಚು.

ಸೊಟ್ಟಗಾದ ಕಾಲನ್ನು ನೇರ ಮಾಡಲು 60 ಡಿಗ್ರಿಯ ಸುತ್ತಮುತ್ತ ಬಿಸಿಯಿರುವ ನೀರಿನಲ್ಲಿ ಒಂದು ನಿಮಿಷ ಕಾಲಷ್ಟನ್ನೇ ಹಿಡಿದು, ನೇರ ಮಾಡಿ, ತಣ್ಣೀರಿನಲ್ಲಿ ಅದ್ದಿ. ಕುದಿಯುವ ನೀರು ಬೇಡ.

ಪ್ರಶ್ನೆ: ಮೀಗೋದ ಸ್ಟಾರ್ ಟ್ರೆಕ್ ಗೊಂಬೆ ಸ್ಪಾಕ್‌ನ ಕೈಕಾಲು ಜೋತುಬಿದ್ದಿವೆ. ಮೇಜರ್ ಮ್ಯಾಟ್ ಮೇಸನ್‌ನ ತೋಳೂ ಹಾಗೆಯೇ. ಸರಿಪಡಿಸಿದರೆ ಬೆಲೆ ಕಡಿಮೆಯಾಗುತ್ತದೆಯೇ?

ಉತ್ತರ: ಎರಡೂ ಬೇರೆ ಬೇರೆ ರೋಗ. ಮೀಗೋ ಗೊಂಬೆಯ ಕೀಲುಗಳನ್ನು ಒಳಗಿನ ಎಲಾಸ್ಟಿಕ್ ಹಿಡಿದಿಡುತ್ತದೆ. ರಬ್ಬರು ಒಣಗಿದಾಗ ಸೊಂಟ, ತೊಡೆ, ಭುಜ ಸಡಿಲಾಗುತ್ತವೆ. ಹೊಸ ಎಲಾಸ್ಟಿಕ್ ಹಾಕುವುದನ್ನು ಸಂಗ್ರಹಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ, ಮೈಯ ಭಾಗಗಳು ಅಸಲಿಯಾಗಿರಬೇಕು, ಬದಲಾಯಿಸಿದ್ದನ್ನು ಹೇಳಿರಬೇಕು. ಮೊದಲು ಉಡುಪು ಬಿಚ್ಚಿ ಬೇರೆ ಇಡಿ, ಹಳೆಯ ಎಲಾಸ್ಟಿಕ್ ಹೇಗೆ ಸುತ್ತಿದೆ ಎಂದು ಫೋಟೋ ತೆಗೆದುಕೊಳ್ಳಿ, ಕ್ರೋಷಾ ಕಡ್ಡಿಯಿಂದ ಕೊಕ್ಕೆಗಳನ್ನು ಎಳೆಯಿರಿ. ಹೆಚ್ಚಾಗಿ ಕೆಡುವುದು ಬಿಗಿ ಜಾಸ್ತಿಯಾಗಿ. ಗೊಂಬೆ ನಿಲ್ಲುವಷ್ಟು ಬಿಗಿ ಸಾಕು, ಅದಕ್ಕಿಂತ ಎಳೆದರೆ ಕೆಲವೇ ದಿನಗಳಲ್ಲಿ ಭುಜದ ಬಳಿ ಎದೆ ಬಿರಿಯುತ್ತದೆ.

1966ರಿಂದ ಬಂದ ಮ್ಯಾಟೆಲ್‌ನ ಮ್ಯಾಟ್ ಮೇಸನ್ ರಬ್ಬರಿನಂಥ ಮೈಯೊಳಗೆ ತಂತಿ ಇರುವ ಗೊಂಬೆ. ಬಾಗಿಸಿ ಬಾಗಿಸಿ ತಂತಿ ದಣಿದು ತುಂಡಾಗುತ್ತದೆ. ಮೈ ಕೊಯ್ಯದೆ ಅದನ್ನು ಸರಿಮಾಡಲಾಗದು, ಕೊಯ್ದರೆ ಬೆಲೆ ಹೋಯಿತು. ಕೊಳ್ಳುವಾಗ ಪ್ರತಿ ಕೈಕಾಲನ್ನು ಒಮ್ಮೆ ಮಾತ್ರ, ಸ್ವಲ್ಪವೇ ಬಾಗಿಸಿ ಕೈಬಿಡಿ. ಇಟ್ಟ ಭಂಗಿಯಲ್ಲೇ ನಿಂತರೆ ತಂತಿ ಇದೆ. ಮಡಿಕೆಗಳಲ್ಲಿ ಕಪ್ಪು ಬಣ್ಣ ಎಷ್ಟು ಉಳಿದಿದೆ ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ. 1968ರ ಕಲರ್‌ಫಾರ್ಮ್ಸ್ ಔಟರ್ ಸ್ಪೇಸ್ ಮೆನ್‌ಗಳಿಗೂ ಇದೇ ಮಾತು.

ಪ್ರಶ್ನೆ: ಕಾರ್ಡಿನಲ್ಲೇ ಇರುವ, ತೆರೆಯದ ಗೊಂಬೆ ಕೊಳ್ಳುವಾಗ ಮತ್ತೆ ಅಂಟಿಸಿದ್ದನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ಕಾರ್ಡ್. ಅಸಲಿ ಮುದ್ರಣ ಆಫ್‌ಸೆಟ್‌ನದು: ಮೂವತ್ತು ಪಟ್ಟಿನ ಮಸೂರದಲ್ಲಿ ಚಿತ್ರದ ಚುಕ್ಕೆಗಳು ಕ್ರಮಬದ್ಧವಾಗಿ, ಪುಟ್ಟ ಹೂಗಳಂತೆ ಕೂಡಿರುತ್ತವೆ. ಇಂಕ್‌ಜೆಟ್ ಆದರೆ ಚುಕ್ಕೆಗಳು ಚೆಲ್ಲಾಪಿಲ್ಲಿ. ಅದಕ್ಕಿಂತ ಒಳ್ಳೆಯ ಸುಳಿವು ಅಕ್ಷರಗಳಲ್ಲಿದೆ. ಅಸಲಿಯಲ್ಲಿ ಕಪ್ಪು ಅಕ್ಷರ ಒಂದೇ ಶಾಯಿಯದು, ಅಂಚು ತೀಡಿದಂತಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರಲ್ಲಿ ಅಕ್ಷರದ ಅಂಚೇ ಬಣ್ಣಬಣ್ಣದ ಚುಕ್ಕೆಯಾಗಿ ಒಡೆದಿರುತ್ತದೆ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಇಂದಿನ ಬಹಳಷ್ಟು ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ. ಇದನ್ನು ಅದೇ ಕಾಲದ ಅಸಲಿ ಕಾರ್ಡಿನ ಜೊತೆ ಹೋಲಿಸಿಯೇ ಹೇಳಬೇಕು.

ಆಮೇಲೆ ಗುಳ್ಳೆ, ಅಂದರೆ ಗೊಂಬೆಯನ್ನು ಕಾರ್ಡಿನ ಮೇಲೆ ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಅದನ್ನು ಬಿಸಿ ಒತ್ತಿ ಅಂಟಿಸುತ್ತಿದ್ದರು. ಕಿತ್ತರೆ ಕಾಗದದ ಮೇಲ್ಪದರ ಜೊತೆಗೇ ಏಳುತ್ತದೆ. ಗುಳ್ಳೆಯ ಚಪ್ಪಟೆ ಅಂಚಿನಡಿ ಹರಿದ ನಾರು, ಹೊರಗೆ ಒಸರಿದ ಅಂಟು, ಎರಡು ಸುತ್ತಿನ ಗುರುತು ಇದ್ದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ಕಾರ್ಡು ಮಾಸಿ ಗುಳ್ಳೆ ಮಾತ್ರ ಗಾಜಿನಂತೆ ಹೊಳೆಯುತ್ತಿದ್ದರೂ ಅನುಮಾನ ಬರಬೇಕು.

ಬೆಲೆಯನ್ನು ಏರಿಳಿಸುವುದು: ತೂಗುಹಾಕುವ ರಂಧ್ರದ ತುಂಡು ಇನ್ನೂ ಕಳಚಿಲ್ಲವೇ, ಬೆಲೆಚೀಟಿ ಕಿತ್ತ ಗಾಯ, ಮಡಿಕೆ, ಬಿಸಿಲಿಗೆ ಮಾಸಿದ ಬಣ್ಣ, ಕತ್ತರಿಸಿ ತೆಗೆದ ಖರೀದಿ ಗುರುತು, ಗುಳ್ಳೆಯ ಬಿರುಕು ಮತ್ತು ಹಳದಿ. ಸ್ಟಾರ್ ವಾರ್ಸ್‌ನಲ್ಲಿ ಕಾರ್ಡಿನ ಹಿಂದೆ ಎಷ್ಟು ಗೊಂಬೆಗಳ ಚಿತ್ರವಿದೆ ಎಂದೂ ಎಣಿಸಬೇಕು. ಹನ್ನೆರಡು ಇದ್ದರೆ ಮೊದಲ ಕಂತಿನದು, ಅದೇ ಪಾತ್ರದ ನಂತರದ ಕಾರ್ಡಿಗಿಂತ ಸಾಮಾನ್ಯವಾಗಿ ಬಹಳ ದುಬಾರಿ.

ಪ್ರಶ್ನೆ: ಶ್ರೇಣಿ ಕೊಡಿಸಿ ಪೆಟ್ಟಿಗೆಯಲ್ಲಿ ಮುಚ್ಚಿಸುವುದು ಲಾಭವೇ?

ಉತ್ತರ: ಕೆಲವಕ್ಕೆ ಮಾತ್ರ. ಎಎಫ್‌ಎಯಂಥ (ಆಕ್ಷನ್ ಫಿಗರ್ ಅಥಾರಿಟಿ) ಸಂಸ್ಥೆ ಗೊಂಬೆಯನ್ನು ಪರೀಕ್ಷಿಸಿ, 100ರವರೆಗಿನ ಅಂಕ ಕೊಟ್ಟು, ಆಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು ಮೊಹರು ಹಾಕುತ್ತದೆ. ಕಾರ್ಡಿನಲ್ಲಿರುವುದಕ್ಕೆ ಕಾರ್ಡ್, ಗುಳ್ಳೆ, ಗೊಂಬೆ ಎಂದು ಬೇರೆ ಬೇರೆ ಅಂಕವೂ ಉಂಟು. 85 ಬಂದರೆ ಬಹಳ ಒಳ್ಳೆಯ ಸ್ಥಿತಿ, 90 ಮುಟ್ಟುವುದು ವಿರಳ. ಶುಲ್ಕ, ಎರಡು ಕಡೆಯ ಸಾಗಣೆ, ವಿಮೆ ಸೇರಿಸಿ. ಶ್ರೇಣಿ ಇರುವ ಮತ್ತು ಇಲ್ಲದ ಅದೇ ಗೊಂಬೆಯ ಬೆಲೆ ವ್ಯತ್ಯಾಸ ಆ ಮೊತ್ತಕ್ಕಿಂತ ಎಷ್ಟೋ ಹೆಚ್ಚಿದ್ದರೆ ಮಾತ್ರ ಕಳಿಸಿ. ಕೈಯಲ್ಲಿ ಹಿಡಿದು ನೋಡುವ ಸಂತೋಷ ಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ.

ಪ್ರಶ್ನೆ: ಬೆಲೆ ಕಟ್ಟುವ ಸರಿಯಾದ ವಿಧಾನ ಯಾವುದು? 1990ರ ದಶಕದ, ಪ್ಯಾಕ್ ಬಿಚ್ಚದ ಗೊಂಬೆಗಳೂ ನನ್ನ ಬಳಿ ಬಹಳಷ್ಟಿವೆ.

ಉತ್ತರ: ಕೇಳುತ್ತಿರುವ ಬೆಲೆ ಬೆಲೆಯೇ ಅಲ್ಲ. ಕಳೆದ ಮೂರು ತಿಂಗಳಲ್ಲಿ ನಿಜಕ್ಕೂ ಮಾರಾಟವಾದ ಎಂಟು ಹತ್ತು ದಾಖಲೆ ಹುಡುಕಿ. ಅದೇ ಪಾತ್ರ, ಅದೇ ರೂಪಾಂತರ, ಅದೇ ಸ್ಥಿತಿ, ಆಯುಧ ಇದೆಯೋ ಇಲ್ಲವೋ, ಎಲ್ಲ ಹೊಂದಬೇಕು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಒಟ್ಟು ರಾಶಿಯನ್ನು ವ್ಯಾಪಾರಿಗೆ ಕೊಟ್ಟರೆ ಇದಕ್ಕಿಂತ ಸಾಕಷ್ಟು ಕಡಿಮೆ ಸಿಗುತ್ತದೆ, ಏಕೆಂದರೆ ಬಿಡಿಬಿಡಿಯಾಗಿ ಮಾರುವ ಶ್ರಮ ಅವರದು.

1990ರ ದಶಕದವುಗಳ ಬಗ್ಗೆ ಸಿಹಿ ಸುದ್ದಿ ಇಲ್ಲ. 1992ರಿಂದ ಬಂದ ಪ್ಲೇಮೇಟ್ಸ್‌ನ ಸ್ಟಾರ್ ಟ್ರೆಕ್, 1995ರಲ್ಲಿ ಮತ್ತೆ ಶುರುವಾದ ಸ್ಟಾರ್ ವಾರ್ಸ್, ಎರಡನ್ನೂ ಮುಂದೆ ಬೆಲೆ ಬರುತ್ತದೆಂದು ಜನ ತೆರೆಯದೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದು ಅಪರೂಪ ಆಗುವುದಾದರೂ ಹೇಗೆ? ಪ್ಲೇಮೇಟ್ಸ್ ಗೊಂಬೆಯ ಪಾದದಲ್ಲಿ ಕ್ರಮಸಂಖ್ಯೆ ಇದ್ದರೂ ಸಾಧಾರಣ ಪಾತ್ರಕ್ಕೆ ಅದರಿಂದ ಹೆಚ್ಚೇನೂ ಬರುವುದಿಲ್ಲ. ತಲಾ 1701 ಮಾತ್ರ ಮಾಡಿದ ಪಿಕಾರ್ಡ್ ಮತ್ತು ಟಾಶಾ ಯಾರ್ ಗೊಂಬೆಗಳ ಮಾತು ಬೇರೆ. ಉಳಿದವನ್ನು ಬಿಚ್ಚಿ ಆಟಕ್ಕೆ ಕೊಟ್ಟರೂ ನಷ್ಟ ಅಷ್ಟಕ್ಕಷ್ಟೇ.

ಪ್ರಶ್ನೆ: ಕೆನ್ನರ್‌ನ 18 ಇಂಚಿನ ಏಲಿಯನ್ (ಅದೇ ಹೆಸರಿನ ಸಿನಿಮಾದ ರಾಕ್ಷಸ ಜೀವಿ) ಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ: 1979ರ ಈ ಗೊಂಬೆಯಲ್ಲಿ ಮೊದಲು ಕಳೆದುಹೋಗುವುದು ತಲೆಯ ಮೇಲಿನ ಪಾರದರ್ಶಕ ಕವಚ. ಅದರ ಪ್ರತಿಗಳು ಬಂದಿರುವುದರಿಂದ ಅಸಲಿಯೇ ಎಂದು ಕೇಳಿ ಬರೆಸಿಕೊಳ್ಳಿ. ಬೆನ್ನಿನ ಕೊಂಬುಗಳು, ಬಾಲ, ಹಲ್ಲು ಎಣಿಸಿ. ಒಳ ದವಡೆ ಮುಂದೆ ಬಂದು ಹಿಂದೆ ಸರಿಯುತ್ತದೆಯೇ ಪರೀಕ್ಷಿಸಿ.

ಪ್ರಶ್ನೆ: ಎಲ್ಲಿ, ಹೇಗೆ ಇಡಬೇಕು?

ಉತ್ತರ: ಬಿಸಿಲು ಬೀಳದ, 20 ಡಿಗ್ರಿಯ ಆಸುಪಾಸಿನ, ಆರ್ದ್ರತೆ 45ರಿಂದ 55 ಶೇಕಡಾ ಇರುವ ಜಾಗ. ಅಟ್ಟವೂ ನೆಲಮಾಳಿಗೆಯೂ ಬೇಡ. ಪ್ರತಿ ಗೊಂಬೆಗೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಚೀಲ, ಬಾಯಿ ಸ್ವಲ್ಪ ತೆರೆದಿರಲಿ. ಪಿವಿಸಿ ಚೀಲ ಬಳಸಬಾರದು. ಮೆತು ಪಿವಿಸಿಯ ಗೊಂಬೆಯನ್ನು ಗಟ್ಟಿ ಪ್ಲಾಸ್ಟಿಕ್ಕಿನ ನೌಕೆಯ ಆಸನದಲ್ಲಿ ವರ್ಷಗಟ್ಟಲೆ ಕೂರಿಸಿಟ್ಟರೆ, ಒಸರಿದ ಎಣ್ಣೆ ಆಸನವನ್ನೇ ಕರಗಿಸಿ ಗುಳಿ ಮಾಡುತ್ತದೆ. ನೌಕೆ ಬೇರೆ, ಸವಾರ ಬೇರೆ ಇಡಿ. ಆಯುಧವನ್ನು ಗೊಂಬೆಯ ಕೈಯಿಂದ ತೆಗೆದು ಅದೇ ಚೀಲದೊಳಗೆ ಪುಟ್ಟ ಚೀಲದಲ್ಲಿ ಹಾಕಿ, ರಬ್ಬರ್‌ಬ್ಯಾಂಡ್ ಸುತ್ತಬೇಡಿ.